ಆಯರ್ಲೆಂಡಿನ ಸೋಮವಾರ

ನಮ್ಮೂರಿನವರಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಓದಲು ಬರುವುದಿಲ್ಲ, ಬರೆಯಲು ಬರುವುದಿಲ್ಲ, ಮಾತಾಡಲು ಬರುವುದಿಲ್ಲ, ಅದು ಬೇರೆ ಮಾತು. ಆದರೆ ಇಂಗ್ಲಿಷಿನಲ್ಲಿದ್ದ ಎತ್ತಿನ ಆ್ಯಪನ್ನು ಹೋದ ಶ್ರಾವಣದವರೆಗೂ ಇಡೀ ಊರು ಒಂದು ತಪ್ಪಿಲ್ಲದೆ ನಡೆಸುತ್ತಿತ್ತು. ಅದನ್ನು ಕನ್ನಡಕ್ಕೆ ತಂದ ದಿನದಿಂದ ಯಾರಿಗೂ ಏನೂ ತಿಳಿಯದಂತಾಯಿತು. ತಂದವನು ನಮ್ಮ ಪಕ್ಕದ ಮನೆಯ ಕಾಂತು. ಕೆಡಿಸಬೇಕೆಂದು ಮಾಡಿದ್ದಲ್ಲ, ಪಾಪ, ಒಳ್ಳೆಯದಾಗಲಿ ಎಂದೇ ಮಾಡಿದ. ಈ ಲೋಕದಲ್ಲಿ ದೊಡ್ಡ ಅನಾಹುತಗಳೆಲ್ಲ ಹಾಗೆಯೇ ಆಗಿರುವುದು.

ಮೊದಲು ಆ್ಯಪಿನ ವಿಚಾರ ಹೇಳುತ್ತೇನೆ. ಇಂಡಿ ತಾಲೂಕಿನಲ್ಲಿ ತಾಂಬಾದ ಆಚೆಗಿರುವ ನಮ್ಮೂರಿನಲ್ಲಿ ಟ್ರ್ಯಾಕ್ಟರಿಗೆ ಬರವಿಲ್ಲ. ಆದರೆ ತೊಗರಿ ಮೊಣಕಾಲೆತ್ತರ ಬಂದ ಮೇಲೆ ಸಾಲಿನ ನಡುವಿನ ಕಸ ತೆಗೆಯಲು ಟ್ರ್ಯಾಕ್ಟರ್ ಇಳಿಸಿದರೆ ಕಸದ ಜೊತೆ ತೊಗರಿಯೂ ಹೋಗುತ್ತದೆ. ಅದಕ್ಕೆ ಎಡೆಕುಂಟೆಯೇ ಬೇಕು, ಕುಂಟೆ ಎಳೆಯಲು ಎತ್ತೇ ಬೇಕು. ಎತ್ತು ಸಾಕುವವರೋ ಬೆರಳೆಣಿಕೆಯಷ್ಟು. ಹೀಗಾಗಿ ಯಾರ ಹೊಲಕ್ಕೆ ಯಾವಾಗ ಜೋಡಿ ಹೋಗಬೇಕು ಎಂಬ ಸರದಿಗಾಗಿ ಒಮ್ಮೆ ಬಡಿದಾಟವಾಗಿ ತಲೆಗಳು ಒಡೆದವು. ಆಗ ಊರ ಹಿರಿಯರಾದ ಗುರಲಿಂಗಪ್ಪನವರು ಎತ್ತಿನ ಜೋಡಿ ಸಂಘ ಕಟ್ಟಿ, ತಾವೇ ಅಧ್ಯಕ್ಷರಾಗಿ, ಒಂದು ಸಣ್ಣ ಕಂಪನಿಯಿಂದ ಆ್ಯಪ್ ಮಾಡಿಸಿದರು. ಊರವರನ್ನೆಲ್ಲ ಬಸವಣ್ಣನ ಗುಡಿಯಲ್ಲಿ ಕೂಡಿಸಿ ಆಣೆಯನ್ನೂ ಮಾಡಿಸಿದರು. ಆ್ಯಪ್ ಹೇಳಿದ ದಿನವೇ ದಿನ. ಆ ದಿನ ಮಧ್ಯಾಹ್ನದೊಳಗೆ ಹೊಲದಲ್ಲಿ ಕುಂಟೆ ಸಾಗುತ್ತಿರುವ ಫೋಟೋ ಆ್ಯಪಿಗೆ ಹೋಗಬೇಕು. ಹೋಗದಿದ್ದರೆ ಸರದಿ ತಪ್ಪಿತು, ಮತ್ತೆ ಎಲ್ಲರ ಹಿಂದೆ ನಿಲ್ಲಬೇಕು. ಇದರಲ್ಲಿ ಬಡವ ಬಲ್ಲಿದ ಎಂಬ ಭೇದವಿಲ್ಲ, ಅಧ್ಯಕ್ಷರಿಗೂ ವಿನಾಯಿತಿ ಇಲ್ಲ. ಅಂದಿನಿಂದ ಊರಲ್ಲಿ ಒಂದು ತಲೆಯೂ ಒಡೆದಿಲ್ಲ.

ಜನ ಆ ಆ್ಯಪನ್ನು ಓದಲಿಲ್ಲ, ಅಡುಗೆಮನೆಯ ಹಾಗೆ ಕಲಿತರು. ದೀಪವಿಲ್ಲದಿದ್ದರೂ ಉಪ್ಪಿನ ಗಡಿಗೆ ಎಲ್ಲಿದೆ ಎಂದು ಕೈಗೆ ಗೊತ್ತಿರುತ್ತದಲ್ಲ, ಹಾಗೆ. ಮೇಲಿನ ಹಸಿರು ಗುಂಡಿ ಒತ್ತಿದರೆ ತಿಂಗಳು ತೆರೆದುಕೊಳ್ಳುತ್ತದೆ. ಎಡಗಡೆ ಮೇಲಿಂದ ಕೆಳಗಿನವರೆಗೆ ಇರುವ ಮೊದಲ ಸಾಲು ಆದಿತ್ಯವಾರ. ಎರಡನೆಯದು ಬೂದು ಬಣ್ಣದ್ದು, ಅದು ಬಸವಣ್ಣನ ಸಾಲು, ಎಷ್ಟು ಒತ್ತಿದರೂ ಮಿಸುಕುವುದಿಲ್ಲ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಬೇರೆ ದಿನ ಅದನ್ನು ಬೈಯಬಹುದು, ಬಾರುಕೋಲಿನಿಂದ ಬಾರಿಸಬಹುದು. ಸೋಮವಾರ ಮಾತ್ರ ಅದು ದೇವರು.

ಇನ್ನು ಕಾಂತು. ಇವನು ಮುದ್ದೇಬಿಹಾಳದವನು. ನಮ್ಮೂರ ಸೀತವ್ವನ ಒಬ್ಬಳೇ ಮಗಳು ಭಾಗ್ಯಜ್ಯೋತಿಯನ್ನು ಮಾಡಿಕೊಂಡು ಮನೆ ಅಳಿಯನಾಗಿ ಬಂದವನು. ಮನೆ ಅಳಿಯನ ಬಾಳು ಮನೆ ಅಳಿಯನಿಗೇ ಗೊತ್ತು. ಸೀತವ್ವ ಹಳೆಯ ಕಾಲದವಳು. ಅಳಿಯ ಕಂಡರೆ ಸೆರಗು ಎಳೆದುಕೊಳ್ಳುತ್ತಾಳೆ, ಎದುರು ನಿಂತು ಮಾತಾಡುವುದಿಲ್ಲ. ಹೇಳಬೇಕಾದದ್ದನ್ನೆಲ್ಲ ಮಗಳಿಗೆ ಹೇಳುತ್ತಾಳೆ. ಅಳಿಯ ಪಕ್ಕದಲ್ಲೇ ಉಣ್ಣುತ್ತ ಕುಳಿತಿದ್ದರೂ "ಭಾಗ್ಯಾ, ಇನ್ನೊಂದ ರೊಟ್ಟಿ ಬೇಕೇನಂತ ನಿಮ್ಮವರಿಗಿ ಕೇಳು" ಎನ್ನುತ್ತಾಳೆ. ಕಾಂತುವಿಗೆ ಇದೊಂದು ಕೊರಗು. ಅತ್ತೆಯ ಹೊಲದ ತೊಗರಿ ಬೇಳೆ ಉಂಡು ಕೂಡುವವನು ಎಂದು ಊರು ಅಂದುಕೊಂಡೀತೆಂದು, ಏನಾದರೊಂದು ದೊಡ್ಡದನ್ನು ಮಾಡಿ ತೋರಿಸಬೇಕೆಂಬ ಹಂಬಲ ಅವನಿಗೆ. ಕಂಪನಿಯವರು ವಿಜಯಪುರದಲ್ಲಿ ಕೊಟ್ಟ ತರಬೇತಿಗೆ ಹೋಗಿ ಬಂದು ಸಂಘದ ಆ್ಯಪ್ ನೋಡಿಕೊಳ್ಳುವವನಾದ. ಆಮೇಲೆ ಅವನ ಬಾಯಲ್ಲಿ ಕ್ಲೌಡ್ ಬಿಟ್ಟು ಬೇರೆ ಮಾತಿಲ್ಲ.

ಒಂದು ಶುಕ್ರವಾರ ಗುರಲಿಂಗಪ್ಪನವರು ಸಿಂದಗಿಯ ಬೀಗರ ಮನೆಯಿಂದ ಮುಖ ಕೆಡಿಸಿಕೊಂಡು ಬಂದರು.

"ಕಾಂತು, ನಮ್ಮ ಆ್ಯಪ್ ಕನ್ನಡದಾಗ ಇಲ್ಲೇನಂತ ಬೀಗರು ಕೇಳಿದ್ರು. ಕನ್ನಡ ನಾಡಿನ ಎತ್ತು ಇಂಗ್ಲಿಷ್ ಯಾಕ ಕಲೀಬೇಕು ಅಂದ್ರು. ನನಗ ಹೋಳಿಗಿ ಗಂಟಲದಾಗ ಇಳೀಲಿಲ್ಲ."

"ಅದೇನ್ ದೊಡ್ಡ ಮಾತಲ್ರಿ ಅಧ್ಯಕ್ಷರ" ಎಂದ ಕಾಂತು. "ಸೆಟ್ಟಿಂಗ್ ಒಳಗ ಹೋಗೂದು, ಲೊಕೇಲ್ ಬದಲ ಮಾಡೂದು. ಈಗ ಮಾಡ್ತೇನಿ ನೋಡ್ರಿ."

ಲೊಕೇಲ್ ಅಂದರೇನು ಎಂದು ಯಾರೂ ಕೇಳಲಿಲ್ಲ. ಕೇಳಲಿಲ್ಲವಲ್ಲ ಎಂದು ಕಾಂತುವಿಗೆ ಸಮಾಧಾನವಾಯಿತು.

ಸಂಘದ ಕಟ್ಟೆಯ ಮೇಲೆ ಎಲ್ಲರೂ ಸುತ್ತ ಕುಳಿತರು. ನಾನು ಸಾಲಿ ಮಾಸ್ತರ ಎಂಬ ಕಾರಣಕ್ಕೆ ನನಗೊಂದು ಕುರ್ಚಿ ಸಿಕ್ಕಿತು. ಆ್ಯಪ್ ಮೊದಲು ಭಾಷೆ ಕೇಳಿತು, ಕಾಂತು ಕನ್ನಡ ಎಂದು ಒತ್ತಿದ. ಅಂಕಿಯೂ ಕನ್ನಡದಲ್ಲಿ ಬೇಕೇ ಎಂದು ಕೇಳಿತು. "ಹಾಕು, ಅರ್ಧಾ ಕನ್ನಡ ಯಾಕ" ಎಂದರು ಗುರಲಿಂಗಪ್ಪ. ಮೂರನೆಯದಾಗಿ ಅದು ದೇಶ ಯಾವುದು ಎಂದು ಕೇಳಿ, ಜಗತ್ತಿನ ದೇಶಗಳನ್ನೆಲ್ಲ ಮುಂದೆ ಹರಡಿತು. ಅದರಲ್ಲಿ ಭಾರತ ಇತ್ತು. ಕಾಂತು ಅದರ ಮೇಲೆ ಬೆರಳಿಟ್ಟು, ಮತ್ತೆ ತೆಗೆದ.

"ಯಾಕ ನಿಂತಿ?" ಎಂದರು ಅಧ್ಯಕ್ಷರು.

"ನಮ್ಮ ದೇಶ ಕೇಳಿದ್ರ ಭಾರತ ಅಂತ ಹೇಳಬಹುದಿತ್ರಿ. ಆದ್ರ ಇದು ಆ್ಯಪಿನ ಸೆಟ್ಟಿಂಗ್. ಆ್ಯಪ್ ಯಾವ ದೇಶದ್ದು ಅಂತ ಕೇಳಾಕತ್ತೈತಿ."

ನಮ್ಮ ಸೀಮೆಯಲ್ಲಿ ಹೊಸಬನನ್ನು ಕಂಡರೆ ಹೆಸರಿಗಿಂತ ಮುಂಚೆ ಊರು ಕೇಳುತ್ತೇವೆ. ನಿಂತ ಊರಲ್ಲ, ಮನೆ ಇರುವ ಊರು. ಹಾಗಾಗಿ ಕಾಂತುವಿನ ಮಾತು ಎಲ್ಲರಿಗೂ ಸರಿ ಎನಿಸಿತು. ನನಗೂ ಸರಿ ಎನಿಸಿತು, ನಾನು ಭೂಗೋಳ ಕಲಿಸುವವನು.

"ಸುಳ್ಳು ತುಂಬಬ್ಯಾಡ" ಎಂದರು ಗುರಲಿಂಗಪ್ಪ. "ಆಣಿ ಮಾಡಿದ ಆ್ಯಪ್ ಅದು. ಕಂಪನಿಗಿ ಫೋನ್ ಹಚ್ಚಿ ಕೇಳು."

ಕಾಂತು ಕಂಪನಿಯ ಎಂಜಿನಿಯರ್ ತಬ್ರೇಜನಿಗೆ ಫೋನ್ ಹಚ್ಚಿದ. "ಸರ್, ನಮ್ಮ ಆ್ಯಪ್ ಈಗ ಯಾವ ದೇಶದಾಗ ಐತ್ರಿ?"

"ಆಯರ್ಲೆಂಡದಾಗ ಐತ್ರಿ. ಅಲ್ಲಿ ಸರ್ವರ್ ಸೋವಿ ಸಿಗ್ತಾವು. ಯಾಕ್ರಿ?"

"ಏನಿಲ್ರಿ, ಸುಮ್ಮ ಕೇಳಿದ್ನಿ" ಎಂದು ಕಾಂತು ಫೋನ್ ಇಟ್ಟ. ಯಾಕೆ ಎಂದು ಅಂದೇ ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅವನು ಆಯರ್ಲೆಂಡ್ ಎಂದು ಒತ್ತಿದ. ನಮ್ಮ ಎತ್ತುಗಳು ಆಯರ್ಲೆಂಡಿಗೆ ಹೋಗಿ ಬರುತ್ತವೆಂದು ಜನ ಹೆಮ್ಮೆಪಟ್ಟು ಚಹಾ ಕುಡಿದು ಎದ್ದರು.

ಓದುಗರಿಗೆ ಈಗಲೇ ಹೇಳಿಬಿಡುತ್ತೇನೆ, ಗೊಂದಲ ನಮ್ಮೂರಿಗಷ್ಟೇ ಇರಲಿ. ಆ ಪ್ರಶ್ನೆ ಕೇಳುತ್ತಿದ್ದದ್ದು ಆ್ಯಪ್ ಎಲ್ಲಿ ವಾಸವಾಗಿದೆ ಎಂದಲ್ಲ, ಯಾವ ದೇಶದ ರೂಢಿಯಂತೆ ತಿಂಗಳು ತೋರಿಸಬೇಕು ಎಂದು. ಆಯರ್ಲೆಂಡಿನ ಕ್ಯಾಲೆಂಡರಿನಲ್ಲಿ ವಾರ ಶುರುವಾಗುವುದು ಸೋಮವಾರದಿಂದ. ಹೀಗಾಗಿ ಮೊದಲ ಸಾಲಿಗೆ ಸೋಮವಾರ ಬಂದು ಕುಳಿತಿತು. ಕಂಪನಿಯವರು ಬೂದು ಬಣ್ಣ ಬಳಿದದ್ದು ಎರಡನೆಯ ಸಾಲಿಗೆ, ಅಲ್ಲೀಗ ಮಂಗಳವಾರ ಇತ್ತು. ಬಸವಣ್ಣನ ವಾರ ದುಡಿಮೆಗೆ ತೆರೆದುಕೊಂಡಿತು, ಮಂಗಳವಾರಕ್ಕೆ ಪುಕ್ಕಟೆ ರಜೆ ಸಿಕ್ಕಿತು. ಆದಿತ್ಯವಾರ ಬಲಗಡೆಯ ಮೂಲೆಗೆ ಹೋಗಿ ನಿಂತಿತು.

ಶನಿವಾರ ಬೆಳಗಾಗುತ್ತಲೇ ಕಾಂತುವಿನ ಬಾಗಿಲಲ್ಲಿ ಜನ ಸೇರಿದರು. ಉದ್ದನೆಯ ಕನ್ನಡ ಪದಕ್ಕೆ ಜಾಗ ಸಾಲದೆ ಹಸಿರು ಗುಂಡಿ ಕೆಳಗಿಳಿದಿತ್ತು. ಅದು ಮೊದಲಿದ್ದ ಜಾಗಕ್ಕೆ ರದ್ದು ಮಾಡುವ ಗುಂಡಿ ಬಂದು, ಅಲ್ಲಿ ಒತ್ತಿದವರ ಸರದಿ ರದ್ದಾಗಿತ್ತು. ಕನ್ನಡದ ಒಂದನ್ನು ಸೊನ್ನೆ ಎಂದು ಓದಿದವರಿದ್ದರು. ಊರಿನಲ್ಲೇ ಒಳ್ಳೆಯ ಜೋಡಿ ಇರುವ ಮೋದಿನಸಾಬ ಎಲ್ಲರಿಗಿಂತ ಮುಂದೆ ನಿಂತಿದ್ದ.

"ಕಾಂತು, ಆ್ಯಪ್ ಕನ್ನಡ ಮಾತಾಡಾಕತ್ತೈತಿ, ನನಗ ಏನೂ ತಿಳಿವಲ್ದು."

"ಚಾಚಾ, ನೀವು ಕನ್ನಡ ಸಾಲಿ ಕಲ್ತೀರಲ್ಲ?"

"ಕಲ್ತೇನಿ. ಆದ್ರ ಎತ್ತಿಂದು ಇಂಗ್ಲಿಷ್‌ನ್ಯಾಗ ಕಲ್ತೇನಿ."

ಹಿಂದಿನಿಂದ ಒಬ್ಬ ಮುದುಕ, "ಕನ್ನಡ ನೂರು ವರ್ಷ ಬಾಳಲಿ, ನಮ್ಮ ಎತ್ತಿನಿಂದ ಒಂದಿಷ್ಟ ದೂರ ಇರಲಿ" ಎಂದ. ಕಾಂತು ಎಲ್ಲರಿಗೂ ಕೈ ಮುಗಿದು, ಹೊಸ ಚಪ್ಪಲಿ ಮೊದಲು ಕಚ್ಚುತ್ತದೆ, ನಾಲ್ಕು ದಿನ ತಡೆಯಿರಿ ಎಂದು ಹೇಳಿ ಕಳಿಸಿದ.

ಇಷ್ಟು ಗದ್ದಲದಲ್ಲಿ ಸೀತವ್ವ ಮಾತ್ರ ಯಾರನ್ನೂ ಏನೂ ಕೇಳಲಿಲ್ಲ. ಒಳಗೆ ಕುಳಿತು ಫೋನ್ ತೆರೆದು, ಕೆಳಗಿಳಿದ ಹಸಿರು ಗುಂಡಿಯನ್ನು ಹುಡುಕಿ ಒತ್ತಿ, ಎಂದಿನಂತೆ ಮೋದಿನಸಾಬನ ಜೋಡಿಗೆ ಮೊದಲ ಸಾಲು ಒತ್ತಿದಳು. ಫೋನ್ ಟಿಂಗ್ ಎಂದಿತು. "ಆತು, ನಾಳಿ ಜೋಡಿ ಬರತೈತಿ" ಎಂದು ಮಗಳಿಗೆ ಹೇಳಿದಳು. ಅವಳ ಹೊಲದಲ್ಲಿ ಕಸ ತೊಗರಿಯ ಸೊಂಟ ಹಿಡಿದಿತ್ತು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ನಮ್ಮದು ಎರೆ ಮಣ್ಣು, ಒಂದು ಒಳ್ಳೆಯ ಮಳೆ ಬಿದ್ದರೆ ಎತ್ತಲ್ಲ, ನಾಯಿಯೂ ಒಳಗೆ ಕಾಲಿಡಲಾರದು. ಮಣ್ಣು ಆರುವಷ್ಟರಲ್ಲಿ ಕಸ ಬೆಳೆಯನ್ನು ನುಂಗಿರುತ್ತದೆ. ಆ ಮನೆಯ ವರ್ಷದ ಅನ್ನ ಆ ಹೊಲದಲ್ಲಿತ್ತು, ಮಳೆಗಿಂತ ಮುಂಚೆ ಕುಂಟೆ ಸಾಗಬೇಕಿತ್ತು.

ಆದಿತ್ಯವಾರ ಸೀತವ್ವ ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಬದುವಿನ ಮೇಲೆ ಕುಳಿತಳು. ಜೋಡಿ ಬರಲಿಲ್ಲ. ಬಿಸಿಲು ಏರಿತು, ಮೋಡ ಬಂತು, ಜೋಡಿ ಬರಲಿಲ್ಲ. ರೊಟ್ಟಿಯ ಗಂಟು ಬಿಚ್ಚದೆ ಮನೆಗೆ ಬಂದು ಕಂಬಕ್ಕೆ ಒರಗಿದಳು.

"ಭಾಗ್ಯಾ, ಜೋಡಿ ಯಾಕ ಬರಲಿಲ್ಲಂತ ನಿಮ್ಮವರಿಗಿ ಕೇಳು."

ಕಾಂತು ಫೋನ್ ನೋಡಿದ. ಮತ್ತೆ ನೋಡಿದ. "ನಾಳಿಗಿ ಅಂತ ತೋರಸಾಕತ್ತೈತಿ" ಎಂದು ಹೆಂಡತಿಗೆ ಹೇಳಿದ.

"ನಾಳಿ ಶ್ರಾವಣ ಸೋಮಾರ. ಬಸವಣ್ಣನ ಸಾಲು ಮುಚ್ಚಿರತೈತಿ ಅಂತ ಹೇಳು."

"ಈಗ ತೆರದೈತಿ ಅಂತ ಹೇಳು."

"ಯಾರು ತೆರದ್ರು ಕೇಳು."

ಭಾಗ್ಯಜ್ಯೋತಿ ಗಂಡನ ಮುಖ ನೋಡಿದಳು. ಗಂಡ ಜಂತಿಯ ಕಡೆ ನೋಡಿದ. ಮೋದಿನಸಾಬನಿಗೆ ಫೋನ್ ಹಚ್ಚಿದರೆ, ಇವತ್ತು ಜೋಡಿ ಬೇರೆಯವರ ಹೊಲದಲ್ಲಿದೆ, ಮಂಗಳವಾರ ಆ್ಯಪಿನಲ್ಲಿ ರಜೆ ಇದೆ ಎಂದು ನೋಡಿ ಕೊಲ್ಹಾರದ ಮಗಳ ಮನೆಗೆ ಹೋಗುವವನಿದ್ದೇನೆ, ಬುಧವಾರದಿಂದ ಮುಂದೆ ಎಲ್ಲ ಭರ್ತಿ ಎಂದ. ಆ ರಾತ್ರಿ ಕಾಂತು ಊಟ ಮಾಡಲಿಲ್ಲ. ಇನ್ನೊಂದು ರೊಟ್ಟಿ ಬೇಕೇ ಎಂದು ಯಾರೂ ಕೇಳಿಸಲೂ ಇಲ್ಲ.

ಸೋಮವಾರ ಬೆಳಿಗ್ಗೆ ಊರೆಲ್ಲ ಸೀತವ್ವನ ಹೊಲದಲ್ಲಿತ್ತು. ಮೋದಿನಸಾಬ ತನ್ನ ಜೋಡಿಯನ್ನು ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು ಹೊಡೆದುಕೊಂಡು ಬಂದ. ಹೆಗಲ ಮೇಲೆ ನೊಗವಿರಲಿಲ್ಲ.

"ಆ್ಯಪ್ ಬಾ ಅಂತು, ಆಣಿ ಐತಿ, ಬಂದೇನಿ" ಎಂದ. "ಆದ್ರ ಹೂಡೂದಿಲ್ಲ. ಸೋಮಾರ ನಮ್ಮಜ್ಜ ಹೂಡಿಲ್ಲ, ನಮ್ಮಪ್ಪ ಹೂಡಿಲ್ಲ. ನಾ ಹೂಡಿದ್ರ ಈ ಎತ್ತು ನನ್ನ ಮಾರಿ ನೋಡೂದಿಲ್ಲ."

"ಹೂಡು ಅಂತ ಯಾರಂದ್ರು?" ಎಂದು ಸೀತವ್ವ ಎತ್ತುಗಳ ಹಣೆಗೆ ವಿಭೂತಿ ಹಚ್ಚಿ, ಬೆಲ್ಲ ತಿನ್ನಿಸಿ, ಕಾಲಿಗೆ ನೀರು ಹಾಕಿದಳು. ಎತ್ತುಗಳು ಬೇವಿನ ನೆರಳಿಗೆ ಹೋಗಿ ಮಲಗಿದವು. ಇಡೀ ಹೊಲದಲ್ಲಿ ಗೊಂದಲವಿಲ್ಲದವರು ಅವರಿಬ್ಬರೇ.

ಗುರಲಿಂಗಪ್ಪನವರು ಬಂದು ನಡುವೆ ನಿಂತರು. ಇವತ್ತು ಫೋಟೋ ಹೋಗದಿದ್ದರೆ ಸೀತವ್ವನ ಸರದಿ ಹೋಗುತ್ತದೆ. ಒಂದು ದಿನ ಸಡಿಲ ಬಿಟ್ಟರೆ ನಾಳೆ ಮತ್ತೊಬ್ಬ ಕೇಳುತ್ತಾನೆ, ನಾಡಿದ್ದು ಮತ್ತೆ ತಲೆಗಳು ಒಡೆಯುತ್ತವೆ. ಅವರು ತಬ್ರೇಜನಿಗೆ ಫೋನ್ ಹಚ್ಚಿಸಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿಸಿದರು. ತಬ್ರೇಜ ವಿಷಯವನ್ನೆಲ್ಲ ಬಿಡಿಸಿ ಹೇಳಿದ. ಸೆಟ್ಟಿಂಗ್ ಯಾವಾಗ ಬೇಕಾದರೂ ಭಾರತಕ್ಕೆ ತಿರುಗಿಸಬಹುದು, ಆದರೆ ಮಾಡಿಟ್ಟ ಸರದಿ ಮಾಡಿಟ್ಟಲ್ಲೇ ಇರುತ್ತದೆ ಎಂದೂ ಹೇಳಿದ.

"ಅಂದ್ರ ಇದು ಸೋಮಾರದ ಸರದಿ ಅಲ್ಲ, ಆದಿತ್ಯಾರದ್ದು ಸೋಮಾರ ಬಂದೈತಿ" ಎಂದ ಕಾಂತು.

"ಅಳಿಯ ಅಲ್ಲ, ಮಗಳ ಗಂಡ ಅಂದಂಗಾತು" ಎಂದ ಮೋದಿನಸಾಬ.

ಗುರಲಿಂಗಪ್ಪನವರು ಕಣ್ಣು ಮುಚ್ಚಿ ಯೋಚಿಸಿದರು. "ತಬ್ರೇಜ, ಆಯರ್ಲೆಂಡದಾಗ ಈಗ ಬೆಳಕ ಹರದೈತೇನು?"

"ಇಲ್ರಿ, ಅಲ್ಲಿ ಇನ್ನಾ ರಾತ್ರಿ."

"ಕೇಳ್ರಿ ಹಂಗಾರ" ಎಂದು ಅಧ್ಯಕ್ಷರು ಧ್ವನಿ ಏರಿಸಿದರು. "ನಮ್ಮ ಹಿರಿಯರ ಲೆಕ್ಕದಾಗ ಸೂರ್ಯ ಹುಟ್ಟಿದ ಮ್ಯಾಲ ವಾರ ಹುಟ್ಟತೈತಿ. ಆಯರ್ಲೆಂಡದಾಗ ಸೂರ್ಯ ಹುಟ್ಟಿಲ್ಲ. ಅಂದ್ರ ಆ್ಯಪಿನ ಊರಾಗ ಇನ್ನಾ ಆದಿತ್ಯಾರ ನಡದೈತಿ. ಹೂಡಾಕ ದೋಷ ಇಲ್ಲ."

ನ್ಯಾಯ ಅದ್ಭುತವಾಗಿತ್ತು. ಜನ ತಲೆದೂಗಿದರು. ಮೋದಿನಸಾಬ ಮಾತ್ರ ಬೇವಿನ ಗಿಡದ ಕಡೆ ಕೈ ಮಾಡಿದ.

"ಎತ್ತು ಇಲ್ಲಿ ಮಲಗ್ಯಾವ್ರಿ ಅಧ್ಯಕ್ಷರ, ಆಯರ್ಲೆಂಡದಾಗಲ್ಲ."

ಪಡುವಣದಲ್ಲಿ ಒಮ್ಮೆ ಗುಡುಗಿತು. ಸೀತವ್ವ ಕಸದೊಳಗೆ ಮುಳುಗಿದ ತೊಗರಿಯ ಕಡೆ ನೋಡಿದಳು, ಬದುವಿನ ಬಳಿ ತಂದಿಟ್ಟಿದ್ದ ಕುಂಟೆ, ನೊಗದ ಕಡೆ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಭಾಗ್ಯಾ, ಬಸವಣ್ಣಗ ಇವತ್ತ ಸೂಟಿ. ನಿಮ್ಮವರಿಗಿ ಸೂಟಿ ಐತೇನಂತ ಕೇಳು."

ಭಾಗ್ಯಜ್ಯೋತಿ ಕೇಳಬೇಕಾಗಲಿಲ್ಲ. ಕಾಂತು ಅಂಗಿ ಕಳಚಿ ಬದುವಿನ ಮೇಲಿಟ್ಟು, ಹೋಗಿ ನೊಗದ ಎಡಗಡೆ ನಿಂತ. ಆದರೆ ನೊಗಕ್ಕೆ ಒಬ್ಬ ಸಾಲುವುದಿಲ್ಲ, ಜೋಡಿ ಬೇಕು. ಎಲ್ಲರ ಕಣ್ಣೂ ಬಲಗಡೆಯ ಖಾಲಿ ಜಾಗದಿಂದ ನಿಧಾನವಾಗಿ ಗುರಲಿಂಗಪ್ಪನವರ ಕಡೆ ತಿರುಗಿತು.

"ನನಗ ಮೊಣಕಾಲ ಬ್ಯಾನಿ ಐತಿ" ಎಂದರು ಅವರು.

"ಆಣಿ ಮಾಡ್ಸಿದವರು ಯಾರ್ರಿ?" ಎಂದ ಮೋದಿನಸಾಬ. "ಅಧ್ಯಕ್ಷರಿಗೂ ವಿನಾಯಿತಿ ಇಲ್ಲ ಅಂದವರು ಯಾರ್ರಿ?"

ಗುರಲಿಂಗಪ್ಪನವರು ರುಮಾಲು ಬಿಚ್ಚಿ ಮೆತ್ತೆ ಮಾಡಿಕೊಂಡು ನೊಗಕ್ಕೆ ಹೆಗಲು ಕೊಟ್ಟರು. ನಾನು ಫೋಟೋ ಹೊಡೆದೆ. ಮಧ್ಯಾಹ್ನಕ್ಕೆ ಇನ್ನೂ ಹೊತ್ತಿತ್ತು. ಆ್ಯಪ್ ಅದನ್ನು ನುಂಗಿ, ಶುದ್ಧ ಕನ್ನಡದಲ್ಲಿ "ಜೋಡಿಯು ಕೆಲಸ ಆರಂಭಿಸಿದೆ" ಎಂದು ಫೋಟೋ ಸಮೇತ ಊರಿನ ಎಲ್ಲ ಫೋನುಗಳಿಗೂ ಸಾರಿತು.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯನ್ನು ನಾನು ಮಕ್ಕಳಿಗೆ ಬಹಳ ವರ್ಷ ಕಲಿಸಿದ್ದೇನೆ. ಅರ್ಥ ತಿಳಿದದ್ದು ಅಂದು. ಇಬ್ಬರಲ್ಲಿ ಯಾರು ಎತ್ತು, ಯಾರು ಕೋಣ ಎಂದು ಮಾತ್ರ ಹೇಳಲಾರೆ, ಊರಲ್ಲಿ ಬಾಳಬೇಕು. ಕುಂಟೆ ಹಿಡಿದವಳು ಸೀತವ್ವ. ಅವಳಿಗೋ ಅಳಿಯನ ಹತ್ತಿರ ಮಾತಿಲ್ಲ. "ಭಾಗ್ಯಾ, ಎಡಕ್ಕ ಸರೀರಿ ಅಂತ ನಿಮ್ಮವರಿಗಿ ಹೇಳು" ಎನ್ನುತ್ತಿದ್ದಳು. ಸಾಲಿನ ಪಕ್ಕದಲ್ಲಿ ಓಡುತ್ತಿದ್ದ ಭಾಗ್ಯಜ್ಯೋತಿ "ಎಡಕ್ಕಂತ" ಎನ್ನುತ್ತಿದ್ದಳು. ಆ ಮಾತು ಮುಟ್ಟುವಷ್ಟರಲ್ಲಿ ಕುಂಟೆ ತೊಗರಿ ಗಿಡಗಳನ್ನು ಕಿತ್ತು ಮುಂದೆ ಹೋಗಿರುತ್ತಿತ್ತು. ಒಂದು ಗಿಡ ಹೋಯಿತು, ಸೀತವ್ವ ಹಲ್ಲು ಕಚ್ಚಿದಳು. ಇನ್ನೆರಡು ಹೋದವು. ನಾಲ್ಕನೆಯದಕ್ಕೆ ಹಳೆಯ ಕಾಲ ಮುಗಿಯಿತು.

"ಅಳಿಯಂದ್ರ, ಎಡಕ್ಕ ಬರ್ರಿ! ಅಧ್ಯಕ್ಷರ, ನೀವು ಜಗ್ಗಬ್ಯಾಡ್ರಿ, ಸುಮ್ಮ ನಡೀರಿ. ಹಾಂ, ಹಂಗ. ಸಾಲು ಮುಗೀತು, ಹೊಳ್ಳ್ರಿ ಇಬ್ಬರೂ."

ಇಷ್ಟು ಮರ್ಯಾದೆಯಿಂದ ಹೂಡಿದ ಜೋಡಿ ನಮ್ಮ ಜಿಲ್ಲೆಯಲ್ಲಿ ಹಿಂದೆ ಇರಲಿಲ್ಲ. ಬೇವಿನ ನೆರಳಲ್ಲಿ ಎತ್ತುಗಳು ಮೆಲುಕು ಹಾಕುತ್ತ ನೋಡುತ್ತಿದ್ದವು. ಮೋದಿನಸಾಬ ಅವುಗಳ ನಡುವೆ ಕುಳಿತು, "ಬಲಗಡಿದು ಮೈಗಳ್ಳ ಐತಿ, ಸೀತವ್ವಾ. ಬಾಲ ಇದ್ದಿದ್ರ ತಿರುವಬಹುದಿತ್ತು" ಎಂದ. ಜನ ನಕ್ಕು ನಕ್ಕು ಸಾಕಾಗಿ, ಆಮೇಲೆ ನಾಚಿಕೆಯಾಗಿ, ಇಬ್ಬಿಬ್ಬರಂತೆ ನೊಗಕ್ಕೆ ಹೆಗಲು ಕೊಟ್ಟರು. ಮೋದಿನಸಾಬನೂ ಎದ್ದು ಬಂದ. ನಾನೂ ನಾಲ್ಕು ಸಾಲು ಎಳೆದೆ, ಅದರ ಫೋಟೋ ಯಾರ ಹತ್ತಿರವೂ ಇಲ್ಲ ಎಂದು ನಂಬಿದ್ದೇನೆ. ಹೊತ್ತು ಇಳಿಯುವಷ್ಟರಲ್ಲಿ ಹೊಲ ಬಾಚಿದ ತಲೆಯ ಹಾಗೆ ಕಂಡಿತು. ನಾವು ಊರು ಮುಟ್ಟುವ ಮುಂಚೆ ಮಳೆ ಹಿಡಿಯಿತು. ಸೀತವ್ವ ಮಳೆಯಲ್ಲೇ ನಿಂತು, ನೆನೆದು, ನಕ್ಕಳು. ಅವಳು ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು.

ಸಂಜೆ ಕಾಂತು ಹೆಗಲಿಗೆ ಎಣ್ಣೆ ಹಚ್ಚಿಸಿಕೊಂಡು ಸಂಘದ ಕಟ್ಟೆಗೆ ಬಂದ, ಸೆಟ್ಟಿಂಗನ್ನು ಭಾರತಕ್ಕೆ ತಿರುಗಿಸಲು. ಬದಲಿಸುವ ಮುಂಚೆ ಒಮ್ಮೆ ತಿಂಗಳು ತೆರೆದು ನೋಡಿದ. ನೋಡುತ್ತಲೇ ಕುಳಿತ. ಫೋಟೋ ಊರಿನ ಹೆಂಗಸರ ಫೋನುಗಳಿಗೆಲ್ಲ ಹೋಗಿತ್ತಲ್ಲ. ಮೊದಲ ಸಾಲು ಮೇಲಿಂದ ಕೆಳಗಿನವರೆಗೆ ಭರ್ತಿಯಾಗಿತ್ತು. ಶ್ರಾವಣದ ಒಂದು ಸೋಮವಾರವೂ ಖಾಲಿ ಇರಲಿಲ್ಲ. ಎಲ್ಲರೂ ಕೇಳಿದ್ದು ಫೋಟೋದಲ್ಲಿದ್ದ ಅದೇ ಜೋಡಿಯನ್ನು.

ಅಷ್ಟರಲ್ಲಿ ಗುರಲಿಂಗಪ್ಪನವರು ಮೊಣಕಾಲು ಹಿಡಿದುಕೊಂಡು ಬಂದು ಪಕ್ಕದಲ್ಲಿ ಕುಳಿತರು. ಕಾಂತು ಫೋನ್ ಮುಂದೆ ಹಿಡಿದ. ಅವರು ಕನ್ನಡಕ ಏರಿಸಿ, ಸಾಲನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ತಾವೇ ಆಣೆ ಮಾಡಿಸಿದ ಮನುಷ್ಯ, ಮಾಡಿಟ್ಟ ಸರದಿಯನ್ನು ಅಳಿಸು ಎನ್ನುವಂತಿರಲಿಲ್ಲ.

"ಕಾಂತು" ಎಂದರು ಕೊನೆಗೆ, "ಮುಂದಿನ ಸೋಮಾರ ನಾ ಎಡಕ್ಕ ನಿಲ್ತೇನಿ. ಬಲಕ್ಕ ಭಾಳ ಜಗ್ಗತೈತಿ."